ಕಮಲಾದೇವಿ ಚಟ್ಟೋಪಾಧ್ಯಾಯ: ನಾನು ತಡವಾಗಿ ಓದಿದ ಒಂದು ಜೀವನ

ನಮ್ಮ ಶಾಲೆಗೆ ಐವತ್ತು ವರ್ಷ ತುಂಬುತ್ತಿದೆ, ಸ್ಮರಣ ಸಂಚಿಕೆಗೆ ನೀನೂ ಒಂದು ಲೇಖನ ಕೊಡಬೇಕು ಎಂದು ಸಮಾಜ ವಿಜ್ಞಾನದ ಮೇಷ್ಟ್ರು ಫೋನ್ ಮಾಡಿದಾಗ ನಾನು ಮೊದಲು ಹೇಳಿದ್ದು ಕಂಪ್ಯೂಟರ್ ಬಗ್ಗೆ ಬರೆಯುತ್ತೇನೆ ಎಂದು. ಮೇಷ್ಟ್ರು ಒಪ್ಪಲಿಲ್ಲ. ಅದನ್ನು ಈಗಿನ ಮಕ್ಕಳು ನಿನಗಿಂತ ಚೆನ್ನಾಗಿ ಬಲ್ಲರು, ನೀನು ಓದಿ ಮನಸ್ಸಿಗೆ ತಟ್ಟಿದ್ದನ್ನು ಬರೆ ಎಂದರು. ಹತ್ತನೇ ತರಗತಿಯಲ್ಲಿ ಇತಿಹಾಸಕ್ಕೆ ಬರೀ ಪಾಸ್ ಅಂಕ ತೆಗೆದುಕೊಂಡವನು ನಾನು. ಅಂಥವನು ಒಬ್ಬ ಸ್ವಾತಂತ್ರ್ಯ ಹೋರಾಟಗಾರ್ತಿಯ ಜೀವನವನ್ನು ಬರೆಯಲು ಕುಳಿತಿದ್ದೇನೆ. ತಪ್ಪಿದ್ದರೆ ಗುರುಗಳು ತಿದ್ದಬೇಕು.

ನಮ್ಮ ಕಾಲದಲ್ಲಿ ಶಾಲೆಯ ಭಾಷಣ ಸ್ಪರ್ಧೆಗೆ ವೀರ ಮಹಿಳೆ ಎಂದರೆ ಒನಕೆ ಓಬವ್ವ, ಇಲ್ಲವೇ ಕಿತ್ತೂರು ಚೆನ್ನಮ್ಮ. ಓಬವ್ವ ನಮ್ಮ ದುರ್ಗದವಳು, ಬಾಯಿಪಾಠ ಮಾಡುವ ಅಗತ್ಯವೇ ಇರಲಿಲ್ಲ. ಕಮಲಾದೇವಿ ಚಟ್ಟೋಪಾಧ್ಯಾಯ ಎಂಬ ಹೆಸರನ್ನು ನಾನು ಆಗ ಕೇಳಿರಲಿಲ್ಲ. ಕೇಳಿದ್ದರೂ ಬಂಗಾಳದವರು ಎಂದುಕೊಳ್ಳುತ್ತಿದ್ದೆ. 2018ರ ಏಪ್ರಿಲ್ 3ರಂದು ಬೆಂಗಳೂರಿನ ಆಫೀಸಿನಲ್ಲಿ ಬೆಳಿಗ್ಗೆ ಗೂಗಲ್ ತೆರೆದರೆ ಅದರ ಹೆಸರಿನ ಜಾಗದಲ್ಲಿ ಒಬ್ಬ ಹೆಂಗಸಿನ ಚಿತ್ರ, ಸುತ್ತ ವಾದ್ಯಗಳು, ಕುಣಿತ, ಕೈಕೆಲಸ. ಯಾರೋ ಹಾಡುಗಾರ್ತಿ ಇರಬೇಕು ಎಂದುಕೊಂಡು ಒತ್ತಿದೆ. ಹುಟ್ಟಿದ್ದು ಮಂಗಳೂರು ಎಂದಿತ್ತು. ಅಲ್ಲಿಂದ ಶುರುವಾದ ಓದು ಇದು. ಲಾಕ್‌ಡೌನ್ ಸಮಯದಲ್ಲಿ ಊರಿಗೆ ಬಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದಾಗ, ರಾತ್ರಿ ಕರೆಂಟು ಹೋದರೆ ಮೊಬೈಲಿನಲ್ಲೇ, ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ.

ಅವರು ಹುಟ್ಟಿದ್ದು 1903ರಲ್ಲಿ, ಮಂಗಳೂರಿನ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ. ತಂದೆ ಅನಂತಯ್ಯ ಧಾರೇಶ್ವರ ಸರ್ಕಾರದ ದೊಡ್ಡ ಅಧಿಕಾರಿ. ತಾಯಿ ಗಿರಿಜಾಬಾಯಿ ಜಮೀನುದಾರರ ಮನೆಯ ಮಗಳು, ಮನೆಯಲ್ಲೇ ಕಲಿತು ಓದಿಕೊಂಡವರು. ಕಮಲಾದೇವಿ ಕಡೆಯ ಮಗಳು. ಅಕ್ಕ ಸಗುಣಾ ಮದುವೆಯಾದ ಸ್ವಲ್ಪ ಕಾಲದಲ್ಲೇ, ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಅಕ್ಕನನ್ನು ತಂಗಿ ಬಹಳ ಹಚ್ಚಿಕೊಂಡಿದ್ದಳು. ಆ ನೋವು ಆರುವ ಮೊದಲೇ, ಕಮಲಾದೇವಿಗೆ ಏಳು ವರ್ಷವಾಗಿದ್ದಾಗ ತಂದೆಯೂ ಹೋದರು.

ಮುಂದೆ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನಾನು ಈ ಲೇಖನ ಬರೆಯುತ್ತಿರುವುದಕ್ಕೆ ಅದೇ ಕಾರಣ. ಅನಂತಯ್ಯನವರು ಉಯಿಲು ಬರೆದಿರಲಿಲ್ಲ. ಅವರಿಗೆ ಮೊದಲ ಹೆಂಡತಿಯಲ್ಲಿ ಹುಟ್ಟಿದ ಮಗನಿದ್ದ. ಆ ಕಾಲದ ಕಾನೂನಿನ ಪ್ರಕಾರ ಆಸ್ತಿಯೆಲ್ಲ ಆ ಮಗನ ಪಾಲಾಯಿತು. ಹೆಂಡತಿಗೆ, ಹೆಣ್ಣುಮಗುವಿಗೆ ಸಿಕ್ಕಿದ್ದು ತಿಂಗಳಿಗೆ ಇಷ್ಟು ಎಂಬ ಜೀವನಾಂಶದ ಮಾತು ಮಾತ್ರ. ನಿನ್ನೆಯವರೆಗೆ ಆ ಮನೆಯ ಯಜಮಾನಿಯಾಗಿದ್ದವರು ಇವತ್ತು ಅದೇ ಮನೆಯಲ್ಲಿ ಕೈಚಾಚಿ ನಿಲ್ಲಬೇಕಾಗಿತ್ತು. ಗಿರಿಜಾಬಾಯಿ ಆ ಹಣವನ್ನು ಬೇಡ ಎಂದರು. ಮದುವೆಯಲ್ಲಿ ತವರಿನವರು ಕೊಟ್ಟದ್ದು ತಮ್ಮದೆಂದು ಏನಿತ್ತೋ ಅದರಲ್ಲೇ ಮಗಳನ್ನು ಸಾಕುತ್ತೇನೆ ಎಂದು ಹೊರಟರು. ಹೆಣ್ಣಿಗೆ ಆಸ್ತಿ ಇಲ್ಲ ಎಂಬುದು ಏಳು ವರ್ಷದ ಹುಡುಗಿಗೆ ಪುಸ್ತಕದಿಂದ ಗೊತ್ತಾಗಲಿಲ್ಲ, ಮನೆಯಿಂದ ಗಂಟುಮೂಟೆ ಹೊರಗೆ ಬಂದಾಗ ಗೊತ್ತಾಯಿತು.

ನಾನು ಇದನ್ನು ಮೊದಲ ಸಲ ಓದಿದ ದಿನ ಫೋನ್ ಕೆಳಗಿಟ್ಟು ಹೊರಗೆ ಬಂದು ಕುಳಿತೆ. ಕಾರಣವನ್ನು ಮುಂದೆ ಹೇಳುತ್ತೇನೆ.

ಸೋದರಮಾವನ ಮನೆಯಲ್ಲಿ ಕಮಲಾದೇವಿಯ ಬಾಲ್ಯದ ಹೆಚ್ಚು ದಿನಗಳು ಕಳೆದವು. ಸಾರ್ವಜನಿಕ ಕೆಲಸದಲ್ಲಿ ಹೆಸರಾಗಿದ್ದ ಮನೆ ಅದು. ಗೋಪಾಲಕೃಷ್ಣ ಗೋಖಲೆ, ಶ್ರೀನಿವಾಸ ಶಾಸ್ತ್ರಿ, ಆನಿ ಬೆಸೆಂಟ್, ಪಂಡಿತಾ ರಮಾಬಾಯಿ ಮುಂತಾದವರು ಬಂದುಹೋಗುತ್ತಿದ್ದ ಜಾಗ. ದೊಡ್ಡವರು ಮಾತನಾಡುವಾಗ ಹುಡುಗಿ ಒಳಗೆ ಹೋಗು ಎಂದು ಗದರುವವರು ಅಲ್ಲಿರಲಿಲ್ಲ. ಇದನ್ನೂ ಹೇಳಿಬಿಡಬೇಕು: ಕಮಲಾದೇವಿಗೆ ಕಷ್ಟವಿತ್ತು, ಆದರೆ ಇಂಥ ಮನೆಯೂ ಇತ್ತು, ಇಂಗ್ಲಿಷ್ ಓದೂ ಇತ್ತು. ಅದೇ ಕಾಲದಲ್ಲಿ ನಮ್ಮ ತಳಕಿನಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳಿಗೆ ಎಷ್ಟೇ ಬುದ್ಧಿ ಇದ್ದರೂ ಕುರಿ ಹಟ್ಟಿಯಿಂದ ಹೊಲಕ್ಕೆ, ಹೊಲದಿಂದ ಒಲೆಗೆ ಅಷ್ಟೇ ದಾರಿ. ಹಾಗೆಂದು ಅವರು ಮಾಡಿದ್ದು ಚಿಕ್ಕದಾಗುವುದಿಲ್ಲ.

ಹದಿನಾಲ್ಕನೇ ವಯಸ್ಸಿಗೆ, 1917ರಲ್ಲಿ, ಮದುವೆಯಾಯಿತು. ಎರಡು ವರ್ಷಕ್ಕೆ ಗಂಡ ತೀರಿಕೊಂಡರು. ಆಗಿನ ಮೇಲ್ಜಾತಿಗಳಲ್ಲಿ ಬಾಲವಿಧವೆಯ ಗತಿ ಏನು ಎಂಬುದನ್ನು ನಮ್ಮ ಊರಿನ ಹಿರಿಯರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ತಾಯಿ ಮಗಳನ್ನು ಮೂಲೆಗೆ ಕೂರಿಸಲಿಲ್ಲ, ಓದಿಗೆ ಕಳಿಸಿದರು. ಮದರಾಸಿನ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಓದುವಾಗ ಸರೋಜಿನಿ ನಾಯ್ಡು ಅವರ ತಂಗಿ ಸುಹಾಸಿನಿ ಗೆಳತಿಯಾದರು. ಅವರ ಮೂಲಕ ಅಣ್ಣ ಹರೀಂದ್ರನಾಥ ಚಟ್ಟೋಪಾಧ್ಯಾಯ ಪರಿಚಯವಾದರು. ಕವಿ, ನಾಟಕಕಾರ. ಹಿಂದಿಯ ‘ಬಾವರ್ಚಿ’ ಸಿನಿಮಾದಲ್ಲಿ ಮನೆಯ ಮುದುಕನ ಪಾತ್ರ ಮಾಡಿದವರು ಇವರೇ. ಟಿವಿಯಲ್ಲಿ ನೀವೂ ನೋಡಿರುತ್ತೀರಿ. ವಿಧವೆಯ ಮರುಮದುವೆ, ಅದೂ ಬೇರೆ ಪ್ರಾಂತ್ಯದ, ಬೇರೆ ಭಾಷೆಯ ಗಂಡಿನೊಡನೆ. ಮಂಗಳೂರು ಬಹಳ ದಿನ ಆಡಿಕೊಂಡಿರಬೇಕು. ಇಬ್ಬರೂ ಊರೂರಿಗೆ ನಾಟಕ ತೆಗೆದುಕೊಂಡು ಹೋದರು. ಒಳ್ಳೆಯ ಮನೆತನದ ಹೆಂಗಸು ರಂಗದ ಮೇಲೆ ಬಣ್ಣ ಹಚ್ಚುವುದೆಂದರೆ ಜನ ಮುಖ ತಿರುಗಿಸುತ್ತಿದ್ದ ಕಾಲ. 1931ರಲ್ಲಿ ಬಂದ ‘ವಸಂತಸೇನಾ’ ಎಂಬ ಮೂಕಿ ಚಿತ್ರದಲ್ಲಿಯೂ ಅವರು ನಟಿಸಿದರು. ಅದರಲ್ಲಿ ನಮ್ಮ ಟಿ.ಪಿ. ಕೈಲಾಸಂ ಕೂಡ ಇದ್ದರು. ಒಬ್ಬ ಮಗ ಹುಟ್ಟಿದ, ಹೆಸರು ರಾಮಕೃಷ್ಣ. ಕೆಲವು ವರ್ಷಗಳ ನಂತರ ಗಂಡಹೆಂಡಿರು ಬೇರೆಯಾದರು. ಅದರ ಬಗ್ಗೆ ಹೆಚ್ಚು ಬರೆಯುವುದು ನನಗೆ ಇಷ್ಟವಿಲ್ಲ. ಅವರೂ ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದವರಲ್ಲ.

ಮದುವೆಯಾದ ಮೇಲೆ ಲಂಡನ್ನಿಗೆ ಹೋಗಿ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದಿದರು. ಗಾಂಧೀಜಿಯವರ ಅಸಹಕಾರ ಚಳವಳಿಯ ಸುದ್ದಿ ಅಲ್ಲಿಗೆ ಮುಟ್ಟಿತ್ತು. ವಾಪಸು ಬಂದು ಸೇವಾದಳ ಸೇರಿದರು. ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರ್ ಕಟ್ಟಿದ ಸೇವಾದಳ ಇದೇ. ನಮ್ಮ ಶಾಲೆಯಲ್ಲಿ ಬಿಳಿ ಟೋಪಿ ಹಾಕಿಕೊಂಡು ಕವಾಯತು ಮಾಡಿದವರಿಗೆ ಹೆಸರು ನೆನಪಿರುತ್ತದೆ. ಅಲ್ಲಿ ಹೆಣ್ಣುಮಕ್ಕಳನ್ನು ಕೂಡಿಸಿ ತರಬೇತಿ ಕೊಡುವುದು ಕಮಲಾದೇವಿಯ ಕೆಲಸವಾಯಿತು.

ಈಗ 1926ರ ಚುನಾವಣೆಗೆ ಬರೋಣ. ಆಗ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದಲ್ಲಿತ್ತು, ನಾವು ಮೈಸೂರು ಅರಸರ ಸೀಮೆಯಲ್ಲಿದ್ದೆವು. ಮದರಾಸು ಪ್ರಾಂತ್ಯ 1921ರಲ್ಲಿಯೇ ಹೆಂಗಸರಿಗೆ ಓಟು ಕೊಟ್ಟಿತ್ತು. ಆದರೆ ಎಲ್ಲರಿಗೂ ಅಲ್ಲ. ಆಸ್ತಿ ಇದ್ದವರಿಗೆ, ಕಂದಾಯ ಕಟ್ಟುವವರಿಗೆ ಮಾತ್ರ. ಹೆಣ್ಣಿಗೆ ಆಸ್ತಿಯೇ ಬರದ ದೇಶದಲ್ಲಿ ಆಸ್ತಿ ಇದ್ದವಳಿಗೆ ಓಟು ಎಂದರೆ ಎಷ್ಟು ಜನರಿಗೆ ಸಿಕ್ಕೀತು, ನೀವೇ ಲೆಕ್ಕ ಹಾಕಿ. ಓಟು ಹಾಕಬಹುದಾಗಿದ್ದರೂ ಶಾಸನ ಸಭೆಗೆ ಹೆಂಗಸರು ನಿಲ್ಲುವಂತಿರಲಿಲ್ಲ. ಆ ತಡೆ ತೆಗೆದದ್ದು 1926ರಲ್ಲಿ. ಐರ್ಲೆಂಡಿನಿಂದ ಬಂದು ಇಲ್ಲಿಯೇ ನೆಲೆಸಿದ್ದ ಮಾರ್ಗರೆಟ್ ಕಸಿನ್ಸ್ ಎಂಬಾಕೆ, ಬಾಗಿಲು ತೆರೆದಿದೆ, ಈಗ ಯಾರಾದರೂ ಒಳಗೆ ಹೋಗಲೇಬೇಕು ಎಂದು ಕಮಲಾದೇವಿಯನ್ನು ಒತ್ತಾಯಿಸಿದರು. ವಯಸ್ಸು ಇಪ್ಪತ್ಮೂರು. ಮಂಗಳೂರಿನಿಂದ ಸ್ವತಂತ್ರ ಅಭ್ಯರ್ಥಿಯಾಗಿ ನಿಂತರು. ಭಾರತದಲ್ಲಿ ಶಾಸನ ಸಭೆಯ ಚುನಾವಣೆಗೆ ನಿಂತ ಮೊದಲ ಹೆಂಗಸು ಅವರು.

ಪ್ರಚಾರಕ್ಕೆ ಸಿಕ್ಕಿದ್ದು ಕೆಲವೇ ದಿನ. ಹಿಂದೆ ಪಕ್ಷವಿಲ್ಲ, ದುಡ್ಡಿಲ್ಲ. ನಾಟಕದವರಾದ್ದರಿಂದ ಜನ ಸೇರಿಸುವುದು ಗೊತ್ತಿತ್ತು, ಹಾಡಿನಿಂದ, ಆಟದಿಂದ ಸಭೆ ನಡೆಸಿದರು. ಹೆಣ್ಣುಮಕ್ಕಳು ಮನೆಮನೆ ತಿರುಗಿ ಓಟು ಕೇಳಿದರು. ಫಲಿತಾಂಶ ಬಂದಾಗ ಬಹಳ ಕಡಿಮೆ ಓಟುಗಳಿಂದ ಸೋತಿದ್ದರು. ಆ ಹೊತ್ತಿಗೆ ಸರ್ಕಾರ ಮದರಾಸಿನ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿ ಅವರನ್ನು ಅದೇ ಸಭೆಗೆ ನಾಮಕರಣ ಮಾಡಿತು. ದೇವದಾಸಿ ಪದ್ಧತಿ ವಿರುದ್ಧ ಕಾನೂನಿಗಾಗಿ ಹೋರಾಡಿದ ಮಹಾತಾಯಿ ಅವರು, ಅವರ ಯೋಗ್ಯತೆಯಲ್ಲಿ ಎರಡು ಮಾತಿಲ್ಲ. ಆದರೂ ನನಗೆ ಅನ್ನಿಸುವುದು, ಕರೆದು ಕೂರಿಸಿದ ಕುರ್ಚಿಗಿಂತ ಕೇಳಿ ಸೋತ ಕುರ್ಚಿ ಮುಂದಿನವರಿಗೆ ಹೆಚ್ಚು ದಾರಿ ಮಾಡಿತು.

ಇಲ್ಲೊಂದು ಮನೆಯ ಮಾತು. 2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಬಂದಾಗ ನಾನು ಊರಲ್ಲೇ ಇದ್ದೆ. ನಮ್ಮ ಚಿಕ್ಕಮ್ಮ ಮಹಿಳಾ ಮೀಸಲು ಸ್ಥಾನಕ್ಕೆ ನಿಂತರು. ಲ್ಯಾಪ್‌ಟಾಪ್ ಇರುವವನು ನಾನೊಬ್ಬನೇ ಆದ್ದರಿಂದ ಕರಪತ್ರ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಮಾಡಿದೆ. ಮೇಲೆ ಹಿರಿಯರ ಫೋಟೊ, ನಡುವೆ ಚಿಕ್ಕಪ್ಪ ಕೈಮುಗಿದ ದೊಡ್ಡ ಫೋಟೊ, ಬಲಗಡೆ ಕೆಳಗೆ ಚಿಕ್ಕಮ್ಮನದು ಪಡಿತರ ಚೀಟಿಯ ಅಳತೆಯ ಫೋಟೊ. ಯಾರೂ ಆಕ್ಷೇಪಿಸಲಿಲ್ಲ. ಎಲ್ಲರೂ ಚೆನ್ನಾಗಿದೆ ಎಂದರು, ಚಿಕ್ಕಮ್ಮನೂ ಸೇರಿ. ನಾನು ಆ ದಿನಗಳಲ್ಲಿಯೇ ರಾತ್ರಿ ಹೊತ್ತು ಈ 1926ರ ಕತೆ ಓದುತ್ತಿದ್ದೆ. ಹಗಲು ಮಾಡಿದ್ದಕ್ಕೂ ರಾತ್ರಿ ಓದಿದ್ದಕ್ಕೂ ಸಂಬಂಧವಿದೆ ಎಂದು ಹೊಳೆದದ್ದು ಕರಪತ್ರ ಹಂಚಿ ಮುಗಿದ ಮೇಲೆ.

ಸೋತ ಮರುವರ್ಷವೇ, 1927ರಲ್ಲಿ, ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಹುಟ್ಟಿತು. ಕಮಲಾದೇವಿ ಅದರ ಸಂಘಟನಾ ಕಾರ್ಯದರ್ಶಿಯಾದರು. ಹೆಣ್ಣುಮಕ್ಕಳ ಓದು, ಮದುವೆಯ ವಯಸ್ಸು, ಆಸ್ತಿ ಹಕ್ಕು ಹೀಗೆ ಒಂದೊಂದನ್ನೇ ಹಿಡಿದು ಊರೂರು ತಿರುಗಿ ಶಾಖೆಗಳನ್ನು ಕಟ್ಟಿದರು. 1929ರ ಶಾರದಾ ಕಾಯ್ದೆ ಹೆಣ್ಣಿನ ಮದುವೆಗೆ ಕನಿಷ್ಠ ವಯಸ್ಸು ಹದಿನಾಲ್ಕು ಎಂದು ಗೊತ್ತುಮಾಡಿತು. ಅದಕ್ಕಾಗಿ ಒತ್ತಾಯಿಸಿದವರಲ್ಲಿ ಈ ಸಮ್ಮೇಳನದವರು ಮುಂದಿದ್ದರು. ಹದಿನಾಲ್ಕಕ್ಕೆ ಮದುವೆಯಾಗಿ ಹದಿನಾರಕ್ಕೆ ವಿಧವೆಯಾದವರು ಆ ಮಾತು ಆಡುವಾಗ ಕೇಳುವವರಿಗೆ ಉತ್ತರ ಕೊಡುವುದು ಕಷ್ಟವೇ. ದೆಹಲಿಯ ಲೇಡಿ ಇರ್ವಿನ್ ಕಾಲೇಜು ಕೂಡ ಇದೇ ಸಮ್ಮೇಳನದವರು 1932ರಲ್ಲಿ ಕಟ್ಟಿದ್ದು.

1930ರ ಉಪ್ಪಿನ ಸತ್ಯಾಗ್ರಹ ಎಲ್ಲರಿಗೂ ಗೊತ್ತು. ಪಠ್ಯಪುಸ್ತಕದ ಚಿತ್ರದಲ್ಲಿ ಗಾಂಧೀಜಿ ಕೋಲು ಹಿಡಿದು ಮುಂದೆ, ಹಿಂದೆ ಬಿಳಿ ಬಟ್ಟೆಯ ಸಾಲು. ಆ ಸಾಲಿನಲ್ಲಿ ಹೆಂಗಸರಿಲ್ಲ ಎಂಬುದನ್ನು ನಾನಂತೂ ಗಮನಿಸಿರಲಿಲ್ಲ. ಗಾಂಧೀಜಿ ಬೇಕೆಂದೇ ಬಿಟ್ಟಿದ್ದರು. ಹೆಂಗಸರನ್ನು ಮುಂದಿಟ್ಟುಕೊಂಡು ಬಂದರು ಎಂಬ ಮಾತು ಬರಬಾರದು ಎಂಬುದು ಅವರ ಲೆಕ್ಕಾಚಾರ. ಹೆಂಗಸರಿಗೆ ಹೆಂಡದಂಗಡಿ, ವಿದೇಶಿ ಬಟ್ಟೆ ಅಂಗಡಿಗಳ ಮುಂದೆ ಪಿಕೆಟಿಂಗ್ ಸಾಕು ಎಂದಿದ್ದರು. ಕಮಲಾದೇವಿಗೆ ಇದು ಸರಿಬರಲಿಲ್ಲ. ಯಾತ್ರೆ ಹೊರಟ ಮೇಲೆ ದಾರಿಯಲ್ಲೇ ಹೋಗಿ ಗಾಂಧೀಜಿಯವರನ್ನು ಕಂಡು ವಾದಿಸಿದರು. ಉಪ್ಪು ಎಂದರೆ ಅಡುಗೆಮನೆ, ಆ ತೆರಿಗೆಯ ಬಿಸಿ ದಿನವೂ ತಟ್ಟುವುದು ಹೆಂಗಸಿಗೆ, ಅವಳನ್ನೇ ಹೊರಗಿಟ್ಟರೆ ಹೇಗೆ ಎಂಬುದು ಅವರ ಪ್ರಶ್ನೆಯ ಸಾರ. ಗಾಂಧೀಜಿ ಒಪ್ಪಿದರು. ದೇಶದ ಅಷ್ಟು ದೊಡ್ಡ ನಾಯಕನ ಮುಂದೆ ನಿಂತು, ಇಪ್ಪತ್ತೇಳು ವರ್ಷದ ಹೆಣ್ಣುಮಗಳು ನಿಮ್ಮ ಲೆಕ್ಕ ತಪ್ಪು ಎನ್ನುವುದು, ಅವರು ಅದನ್ನು ಕೇಳಿ ತಿದ್ದಿಕೊಳ್ಳುವುದು, ಎರಡೂ ದೊಡ್ಡವೇ. ನಮ್ಮ ಪ್ರಾಜೆಕ್ಟ್ ಮೀಟಿಂಗ್‌ಗಳಲ್ಲಿ ಮ್ಯಾನೇಜರ್ ಮುಂದೆ ತಪ್ಪು ಎನ್ನಲು ನಾವು ಮೂರು ಸಲ ಗಂಟಲು ಸರಿಮಾಡಿಕೊಳ್ಳುತ್ತೇವೆ.

ಏಪ್ರಿಲ್ ತಿಂಗಳಲ್ಲಿ ಮುಂಬೈಯ ಕಡಲ ದಂಡೆಯಲ್ಲಿ ಕಾನೂನು ಮುರಿದು ಉಪ್ಪು ತಯಾರಿಸಿದ ತಂಡದಲ್ಲಿ ಕಮಲಾದೇವಿ, ಅವಂತಿಕಾಬಾಯಿ ಗೋಖಲೆ ಇದ್ದರು. ನಮ್ಮ ಅಂಕೋಲೆಯಲ್ಲಿ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ನಡೆದದ್ದೂ ಇದೇ ಹೊತ್ತಿಗೆ. ಕಮಲಾದೇವಿ ಅಷ್ಟಕ್ಕೇ ನಿಲ್ಲಲಿಲ್ಲ. ಉಪ್ಪಿನ ಪೊಟ್ಟಣ ಕಟ್ಟಿಕೊಂಡು ಮುಂಬೈಯ ಷೇರುಪೇಟೆಯೊಳಗೇ ನುಗ್ಗಿ ದಲ್ಲಾಳಿಗಳಿಗೆ ಮಾರಿದರು. ಹೈಕೋರ್ಟಿನ ಹತ್ತಿರ ಮಾರಿದರು. ಮ್ಯಾಜಿಸ್ಟ್ರೇಟರ ಮುಂದೆ ನಿಂತು, ಸ್ವಾತಂತ್ರ್ಯದ ಉಪ್ಪು ನೀವೂ ಒಂದು ಪೊಟ್ಟಣ ತೆಗೆದುಕೊಳ್ಳುತ್ತೀರಾ ಎಂದು ಅವರನ್ನೇ ಕೇಳಿದರಂತೆ. ಜೈಲಾಯಿತು. ಮುಂದೆ ಬೇರೆಬೇರೆ ಚಳವಳಿಗಳಲ್ಲಿ ಎಷ್ಟೋ ಸಲ ಜೈಲು ನೋಡಿದರು. ನಮ್ಮ ಕಡೆಯೂ ಆ ಗಾಳಿ ಬೀಸಿತ್ತು. 1938ರ ಶಿವಪುರದ ಧ್ವಜ ಸತ್ಯಾಗ್ರಹಕ್ಕೆ ದಾವಣಗೆರೆಯಿಂದ ಬಳ್ಳಾರಿ ಸಿದ್ದಮ್ಮ ಹೋದರು. 1939ರಲ್ಲಿ ನಮ್ಮ ಜಿಲ್ಲೆಯ ತುರುವನೂರಿನಲ್ಲಿ ಈಚಲು ಮರ ಕಡಿದು ಅರಣ್ಯ ಸತ್ಯಾಗ್ರಹ ನಡೆಯಿತು. ಸಿದ್ದಮ್ಮನವರ ಬಗ್ಗೆ ಯಾರಾದರೂ ಹಳೆಯ ವಿದ್ಯಾರ್ಥಿ ಬೇರೆ ಲೇಖನ ಬರೆಯಬೇಕು.

1934ರಲ್ಲಿ ಕಾಂಗ್ರೆಸ್ಸಿನೊಳಗೇ ಸಮಾಜವಾದಿ ಪಕ್ಷ ಹುಟ್ಟಿದಾಗ ಕಮಲಾದೇವಿ ಜಯಪ್ರಕಾಶ ನಾರಾಯಣರ ಜೊತೆಗಾರರಾದರು. 1936ರಲ್ಲಿ ಮೀರತ್ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. 1939ರಲ್ಲಿ ಎರಡನೇ ಮಹಾಯುದ್ಧ ಶುರುವಾದಾಗ ಅವರು ದೇಶದ ಹೊರಗಿದ್ದರು. ಅಲ್ಲಿಂದ ಅಮೆರಿಕ, ಜಪಾನ್, ಚೀನಾ ಸುತ್ತಿ, ಭಾರತದ ಸ್ವಾತಂತ್ರ್ಯದ ಪರವಾಗಿ ಭಾಷಣ ಮಾಡಿದರು, ನೋಡಿದ್ದನ್ನು ಪುಸ್ತಕ ಮಾಡಿದರು.

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಆಗ ರೈಲಿನಲ್ಲಿ ಬಿಳಿಯರಿಗೆ ಬೇರೆ ಡಬ್ಬಿ, ಕರಿಯರಿಗೆ ಬೇರೆ ಡಬ್ಬಿ. ಬಿಳಿಯರ ಡಬ್ಬಿಯಲ್ಲಿ ಕೂತಿದ್ದ ಕಮಲಾದೇವಿಯನ್ನು ಟಿಕೆಟ್ ಕಲೆಕ್ಟರ್ ಏಳು ಎಂದ. ಏಳಲಿಲ್ಲ. ಸೀರೆ ನೋಡಿಯೋ ಏನೋ, ಯಾವ ದೇಶದವಳು ಎಂದು ವಿಚಾರಿಸತೊಡಗಿದ. ಭಾರತದವಳು, ನಮ್ಮಲ್ಲಿಗೆ ಬಂದ ಅತಿಥಿ ಎಂದುಬಿಟ್ಟಿದ್ದರೆ ಅವನಿಗೂ ಸಲೀಸು, ಇವರಿಗೂ ಸಲೀಸು. ಇವರು ಆ ಸಲೀಸಿನ ದಾರಿ ಹಿಡಿಯಲಿಲ್ಲ. ತಾನೂ ಬಣ್ಣದವಳೇ, ಆದರೂ ಏಳುವುದಿಲ್ಲ ಎಂದು ಕೂತರು. ಅವನು ಗೊಣಗಿಕೊಂಡು ಹೋದ. ತನಗೆ ಮಾತ್ರ ಸಿಗುವ ವಿನಾಯಿತಿಯನ್ನು ಬೇಡ ಎನ್ನುವುದು ಎಷ್ಟು ಕಷ್ಟ ಎಂದು ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ಜಾತಿ ಕೇಳಿಸಿಕೊಂಡವರಿಗೆ ಗೊತ್ತಾಗುತ್ತದೆ.

ಇವರ ಬಗ್ಗೆ ಒಮ್ಮೆ ಆಫೀಸಿನ ಊಟದ ಹೊತ್ತಿನಲ್ಲಿ ಹೇಳುತ್ತಿದ್ದಾಗ ನೈಜೀರಿಯಾ ದೇಶದ ಸಹೋದ್ಯೋಗಿಯೊಬ್ಬರು ತಮ್ಮಲ್ಲಿಯೂ ಇಂಥವರೊಬ್ಬರಿದ್ದರು ಎಂದರು. ಹೆಸರು ಫುನ್ಮಿಲಾಯೊ ರಾನ್ಸಮ್ ಕುಟಿ, ಊರು ಅಬೆಯೊಕುಟಾ. ಶಾಲೆಯ ಟೀಚರ್ ಆಗಿದ್ದವರು ಸಂತೆಯಲ್ಲಿ ಮಾರುವ ಹೆಂಗಸರನ್ನು ಕೂಡಿಸಿ, ಹೆಂಗಸರ ಮೇಲೆ ಹೇರಿದ್ದ ತೆರಿಗೆಯ ವಿರುದ್ಧ 1940ರ ದಶಕದಲ್ಲಿ ಎಷ್ಟು ಜೋರಾಗಿ ಎದ್ದರೆಂದರೆ 1949ರಲ್ಲಿ ಅಲ್ಲಿನ ಅರಸನೇ ಗದ್ದುಗೆ ಬಿಟ್ಟು ಹೋಗಬೇಕಾಯಿತು. ಆಕೆಯೂ ಮುಂದೆ ಚುನಾವಣೆಗೆ ನಿಂತು ಸೋತವರೇ. ಅಲ್ಲಿ ಸಂತೆಯ ತೆರಿಗೆ, ಇಲ್ಲಿ ಉಪ್ಪಿನ ತೆರಿಗೆ. ಚಳ್ಳಕೆರೆ ಸಂತೆಯಲ್ಲಿ ತರಕಾರಿ ಹರಡಿ ಕೂರುವ ನಮ್ಮ ಹೆಂಗಸರಿಗೆ ಇದನ್ನು ಹೇಳಿದರೆ ಅರ್ಥಮಾಡಿಸುವ ಕಷ್ಟವೇ ಇಲ್ಲ, ಸುಂಕದವನ ಜೊತೆಗಿನ ಜಗಳ ಅವರಿಗೆ ವಾರವಾರದ್ದು.

ಸ್ವಾತಂತ್ರ್ಯ ಬಂತು, ಜೊತೆಗೆ ವಿಭಜನೆ ಬಂತು. ಕಮಲಾದೇವಿಯ ಜೊತೆ ಜೈಲಿಗೆ ಹೋದವರಲ್ಲಿ ಎಷ್ಟೋ ಜನ ಮಂತ್ರಿಗಳಾದರು, ರಾಜ್ಯಪಾಲರಾದರು. ಇವರು ಆ ಕಡೆ ಹೋಗಲಿಲ್ಲ. ಮನೆಮಠ ಬಿಟ್ಟು ಓಡಿಬಂದ ನಿರಾಶ್ರಿತರಿಗಾಗಿ ಭಾರತೀಯ ಸಹಕಾರ ಒಕ್ಕೂಟ ಕಟ್ಟಿದರು. ದಾನ ಕೊಟ್ಟು ಕೂರಿಸುವುದಲ್ಲ, ಸಹಕಾರ ಸಂಘ ಮಾಡಿ ಅವರ ಕೈಯಿಂದಲೇ ಊರು ಕಟ್ಟಿಸಬೇಕು ಎಂಬುದು ಅವರ ಯೋಚನೆ. ದೆಹಲಿಯ ಪಕ್ಕದ ಫರೀದಾಬಾದ್ ನಮಗೀಗ ಕಾರ್ಖಾನೆಗಳ ಊರಾಗಿ ಗೊತ್ತು. ವಾಯವ್ಯ ಗಡಿನಾಡಿನಿಂದ ಬಂದ ಸುಮಾರು 50,000 ನಿರಾಶ್ರಿತರಿಗಾಗಿ ಅಲ್ಲಿ ಹೊಸ ಪಟ್ಟಣ ಎದ್ದಿತು. ಇಟ್ಟಿಗೆ ಹೊತ್ತವರು, ಗೋಡೆ ಕಟ್ಟಿದವರು ಅಲ್ಲಿ ವಾಸ ಮಾಡಬೇಕಾದವರೇ. ಆ ಕೆಲಸದ ಹಿಂದೆ ಇವರೂ ಇವರ ಒಕ್ಕೂಟದವರೂ ಇದ್ದರು.

ಆ ನಿರಾಶ್ರಿತರಲ್ಲಿ ಕಸೂತಿ ಗೊತ್ತಿದ್ದವರಿದ್ದರು, ನೇಕಾರರಿದ್ದರು. ಕೈಯಲ್ಲಿ ವಿದ್ಯೆ ಇದೆ, ಕೊಳ್ಳುವವರಿಲ್ಲ. ಮುಂದಿನ ಅವರ ಕೆಲಸ ಇಲ್ಲಿಂದಲೇ ಬೆಳೆಯಿತು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಆದಾಗ ಅದರ ಮುಖ್ಯಸ್ಥರಾಗಿ ವರ್ಷಗಟ್ಟಲೆ ದೇಶ ಸುತ್ತಿದರು. ಶ್ರೀಕಾಳಹಸ್ತಿಯ ಕಲಂಕಾರಿ, ಜೈಪುರದ ನೀಲಿ ಮಡಕೆ ಇಂಥವು ಇನ್ನೇನು ನಿಂತೇಹೋಗುತ್ತವೆ ಎನ್ನುವ ಹೊತ್ತಿನಲ್ಲಿ ಮತ್ತೆ ಎದ್ದುನಿಂತವು. ಅವರು ಕಂಡುಕೊಂಡದ್ದು ಸರಳ. ಕಲೆ ಸಾಯುವುದು ಕೈ ಸೋತಿದ್ದರಿಂದಲ್ಲ. ನೂಲು ಸಾಲದಲ್ಲಿ ಬರುತ್ತದೆ, ಮಾಲು ಸಾಲಕ್ಕೆ ಹೋಗುತ್ತದೆ, ನಡುವಿನವನು ಬೆಲೆ ಕಟ್ಟುತ್ತಾನೆ, ಮಗ ಇದು ಬೇಡ ಎಂದು ಊರು ಬಿಡುತ್ತಾನೆ. ಹಾಗಾಗಿ ಮಾರಾಟದ ಜಾಗ ಮೊದಲು ಬೇಕು. ದೆಹಲಿಯ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂ ಅನ್ನು ಅವರ ಒಕ್ಕೂಟ ವಹಿಸಿಕೊಂಡು ನಡೆಸಿತು. ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ ಕೊಡುವ ಪದ್ಧತಿ ಬಂತು. ಕುಂಬಾರನಿಗೆ, ನೇಕಾರನಿಗೆ ರಾಷ್ಟ್ರಪತಿ ಕೈಯಿಂದ ಪ್ರಶಸ್ತಿ ಎಂದರೆ ಅವನ ಓಣಿಯಲ್ಲಿ ಅವನ ಬೆಲೆ ಎಷ್ಟು ಏರುತ್ತದೆ ಎಂದು ಅವರಿಗೆ ಗೊತ್ತಿತ್ತು. ನಾಟಕದ ಹುಚ್ಚೂ ಬಿಟ್ಟಿರಲಿಲ್ಲ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ ಹುಟ್ಟಲು ಕಾರಣರಾದವರಲ್ಲಿ ಅವರೂ ಒಬ್ಬರು.

ಇದರಿಂದಾಗಿ ಈಗ ಅವರನ್ನು ಕರಕುಶಲ ಕಲೆಗಳ ತಾಯಿ ಎಂದಷ್ಟೇ ನೆನೆಯುವುದು ರೂಢಿಯಾಗಿದೆ. ಗೂಗಲ್‌ನ ಚಿತ್ರವೂ ಹಾಗೇ ಇತ್ತು. ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಉಪ್ಪಿನ ಪೊಟ್ಟಣ ಮಾರಿದ ಹೆಂಗಸೇ ಎಂಪೋರಿಯಂನಲ್ಲಿ ಸೀರೆ ಮಾರಿಸಿದ್ದು. ಎರಡೂ ಕಡೆ ಪ್ರಶ್ನೆ ಒಂದೇ, ಮಾಡಿದವರಿಗೆ ಪಾಲು ಎಷ್ಟು ಎಂಬುದು.

ಮೊಳಕಾಲ್ಮೂರು ನಮಗೆ ದೂರವೇನಲ್ಲ. ಅಲ್ಲಿನ ರೇಷ್ಮೆ ಸೀರೆಗೆ ಈಗ ಭೌಗೋಳಿಕ ಗುರುತು ಸಿಕ್ಕಿದೆ. ನಾನು ಬೆಂಗಳೂರಿನ ದೊಡ್ಡ ಅಂಗಡಿಯಲ್ಲಿ ಗಾಜಿನ ಹಿಂದೆ ಅದನ್ನು ನೋಡಿದ್ದೇನೆ. ನೇಕಾರರ ಮನೆಯ ಮಗ್ಗದ ಮುಂದೆಯೂ ನೋಡಿದ್ದೇನೆ. ಮನೆಯ ಯಜಮಾನರು ಕುಣಿಯಲ್ಲಿ ಕಾಲು ಇಳಿಬಿಟ್ಟು ಲಾಳಿ ಎಸೆಯುತ್ತಾರೆ. ನೂಲು ಸುತ್ತುವುದು, ಎಳೆ ಕಟ್ಟುವುದು, ಕಡಿದ ಎಳೆ ಗಂಟು ಹಾಕುವುದು ಮನೆಯ ಹೆಂಗಸರು. ಕೇಳಿದರೆ ನೇಯುವವರು ಯಜಮಾನರು ಎಂದೇ ಅವರೂ ಹೇಳುತ್ತಾರೆ. ನಾವು ಅಲ್ಲಿಗೆ ಹೋಗಿದ್ದು ನಮ್ಮ ಅಕ್ಕನಿಗೆ ಸೀರೆ ತರಲು. ಮದುವೆಗಲ್ಲ. ಮದುವೆಯಾಗಿ ಎಂಟು ವರ್ಷವಾಗಿತ್ತು.

ಇನ್ನು ಮುಚ್ಚಿಡುವುದು ಬೇಡ. ಅಪ್ಪ ತೀರಿಕೊಂಡ ಮರುವರ್ಷ ನಮ್ಮ ಶೇಂಗಾ ಹೊಲ ನನ್ನ ಹೆಸರಿಗೆ ಆಗಬೇಕಾಯಿತು. ಹಿರಿಯರು ಕೂತು ಮಾತಾಡಿದರು. ಅಕ್ಕ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕು, ಅರಿಶಿನ ಕುಂಕುಮಕ್ಕೆಂದು ಒಂದು ಒಳ್ಳೆಯ ಸೀರೆ ಕೊಡಬೇಕು ಎಂದು ತೀರ್ಮಾನವಾಯಿತು. ಅಕ್ಕ ಬಸ್ಸಿನಲ್ಲಿ ಬಂದಳು. ನೋಂದಣಿ ಕಚೇರಿಯಲ್ಲಿ ಹೆಬ್ಬೆರಳು ಒತ್ತಿ, ಫೋಟೊ ತೆಗೆಸಿಕೊಂಡು, ತೋರಿಸಿದ ಕಡೆಯೆಲ್ಲ ಸಹಿ ಹಾಕಿದಳು. ಹೋಟೆಲಿನಲ್ಲಿ ಊಟ ಮಾಡಿ ಸಂಜೆ ಬಸ್ಸಿಗೆ ಹೋದಳು. ಕರ್ನಾಟಕದಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ ಕಾನೂನು 1994ರಿಂದಲೇ ಇದೆ. 2005ರಲ್ಲಿ ಇಡೀ ದೇಶಕ್ಕೆ ಬಂತು. ಗಿರಿಜಾಬಾಯಿಗೆ ಕಾನೂನು ಇರಲಿಲ್ಲ. ನಮ್ಮ ಅಕ್ಕನಿಗೆ ಇತ್ತು. ಬಿಇ ಓದಿದ ನನಗೆ ಅದು ಗೊತ್ತೂ ಇತ್ತು. ಸೀರೆಯ ಬೆಲೆಯಲ್ಲಿ ನೇಕಾರರ ಹತ್ತಿರ ಚೌಕಾಶಿ ಮಾಡಿದ್ದೂ ನಾನೇ.

ಮಂಗಳೂರಿನ ಆ ಮನೆಯ ಕತೆ ಓದಿದ ದಿನ ನಾನು ಹೊರಗೆ ಬಂದು ಕುಳಿತದ್ದು ಇದಕ್ಕೇ. ಆ ಕತೆಯಲ್ಲಿ ಆಸ್ತಿ ಪಡೆದ ಮಗನ ಜಾಗದಲ್ಲಿ ನಾನಿದ್ದೆ.

ಕಮಲಾದೇವಿಗೆ 1955ರಲ್ಲಿ ಪದ್ಮಭೂಷಣ, 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಬಂದವು. ಎಂಬತ್ತು ದಾಟಿದ ಮೇಲೆ ಆತ್ಮಕತೆ ಬರೆದರು, ಅದು 1986ರಲ್ಲಿ ಪ್ರಕಟವಾಯಿತು. 1988ರ ಅಕ್ಟೋಬರ್ 29ರಂದು ತೀರಿಕೊಂಡರು. ನಮ್ಮ ಶಾಲೆಯ ಗ್ರಂಥಾಲಯಕ್ಕೆ ಅವರ ಆತ್ಮಕತೆಯ ಒಂದು ಪ್ರತಿ ಕೊಡುತ್ತಿದ್ದೇನೆ. ಇಂಗ್ಲಿಷಿನಲ್ಲಿದೆ, ಎಂಟನೇ ತರಗತಿಯವರಿಗೆ ಕಷ್ಟ, ಮೇಷ್ಟ್ರು ಓದಿ ಹೇಳಬೇಕು.

ಕಳೆದ ಗೌರಿ ಹಬ್ಬಕ್ಕೆ ಅಕ್ಕ ಬಂದಿದ್ದಾಗ ಈ ಕತೆಯನ್ನೆಲ್ಲ ಹೇಳಿದೆ. ಪಹಣಿಯ ಪ್ರಿಂಟ್ ಮುಂದಿಟ್ಟು, ಅರ್ಧ ಹೊಲವನ್ನು ಅವಳ ಹೆಸರಿಗೆ ಬರೆದುಕೊಡುತ್ತೇನೆ, ಒಂದು ದಿನ ಬಾ ಎಂದೆ. ಅವಳು ಪಹಣಿಯನ್ನು ಕೈಗೆ ತೆಗೆದುಕೊಂಡು ನನ್ನ ಹೆಸರಿನ ಕೆಳಗಿನ ಖಾಲಿ ಜಾಗವನ್ನು ಸ್ವಲ್ಪ ಹೊತ್ತು ನೋಡಿದಳು. ಅಮ್ಮನಿಗೆ ಹೇಳಿದ್ದೀಯಾ ಎಂದು ಕೇಳಿದಳು. ಹೇಳಿರಲಿಲ್ಲ. ಮೊದಲು ಅಮ್ಮನಿಗೆ ಹೇಳು ಎಂದು ಕಾಗದವನ್ನು ಮಡಚಿ ತನ್ನ ಬ್ಯಾಗಿನಲ್ಲಿಟ್ಟುಕೊಂಡಳು.